ಅಜ್ಜಿ, ನನಗೆ ಕನಸು ಇದೆ

ನಾನು ಮ್ಯಾಡ್ರಿಡ್‌ಗೆ ಹೋಗಿ ನಾಲ್ಕನೆಯ ದಿನ. ಜೂನ್ ತಿಂಗಳಾದ್ದರಿಂದ ರಾತ್ರಿ ಒಂಬತ್ತೂವರೆಯಾದರೂ ಕಿಟಕಿಯಾಚೆ ಬೆಳಕು ಉಳಿದಿತ್ತು. ಐದು ವರ್ಷದ ಮೊಮ್ಮಗಳು ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು, "ಅಜ್ಜಿ, ನನಗೆ ಕನಸು ಇದೆ" ಎಂದಳು.

"ಏನು ಕನಸು ಪುಟ್ಟಿ? ಹೇಳು" ಎಂದೆ.

"ಕನಸು ಇದೆ ಅಷ್ಟೇ" ಎಂದಳು.

"ದೊಡ್ಡವಳಾದ ಮೇಲೆ ಏನಾಗಬೇಕು ಎಂದು ಕನಸೇ?" ಎಂದು ಕೇಳಿದೆ. ಮಗುವಿನ ಮುಖ ಸಣ್ಣದಾಯಿತು. ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಮಗಳು ಅವಳನ್ನು ಎತ್ತಿಕೊಂಡು, "ಅಮ್ಮ, ಅವಳಿಗೆ ನಿದ್ದೆ ಬಂದಿದೆ. ಇಲ್ಲಿ ಎರಡಕ್ಕೂ ಒಂದೇ ಮಾತು" ಎಂದಳು.

ಮೂವತ್ತು ವರ್ಷ ಶಿವಮೊಗ್ಗದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು ನಾನು. ನಾನಾರ್ಥಪದಗಳ ಪಟ್ಟಿಯನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ನಿದ್ದೆಗೂ ಕನಸಿಗೂ ಒಂದೇ ಪದವಿರುವ ಭಾಷೆಯೊಂದು ಇದ್ದೀತು ಎಂದು ಎಣಿಸಿರಲಿಲ್ಲ. ನಿದ್ದೆ ಬೇರೆ, ನಿದ್ದೆಯೊಳಗೆ ಕಾಣುವುದು ಬೇರೆ. ಮನೆಯನ್ನೂ ಮನೆಯೊಳಗಿನ ದೀಪವನ್ನೂ ಒಂದೇ ಹೆಸರಿನಿಂದ ಕರೆದರೆ ಜನ ಹೇಗೆ ಬಾಳುತ್ತಾರೆ? ಆ ರಾತ್ರಿ ಮಗು ಮಲಗಿದ ಮೇಲೆ ಮಗಳನ್ನು ಕೂರಿಸಿಕೊಂಡು ಆ ಪದವನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡೆ. ಮುಂದಿನ ಎಂಬತ್ತಾರು ದಿನ, ಅಂದರೆ ವೀಸಾ ಮುಗಿಯುವವರೆಗೂ, ಆ ಒಂದು ಪದ ನನ್ನ ಕೈ ಬಿಡಲಿಲ್ಲ.

ಪದ ಹೀಗಿದೆ: ಸ್ವೆಞೊ. ಇದನ್ನು ಕನ್ನಡದಲ್ಲಿ ಬರೆಯಲು ಹೊರಟಾಗಲೇ ಒಂದು ಸಂತೋಷ ಕಾದಿತ್ತು. ಸ್ಪ್ಯಾನಿಷ್ ಲಿಪಿಯಲ್ಲಿ ಒಂದು ಅಕ್ಷರದ ನೆತ್ತಿಯ ಮೇಲೆ ಸಣ್ಣ ಅಲೆಯಂತಹ ಗೆರೆ ಇರುತ್ತದೆ. ಹಿಂದಿನ ಕಾಲದ ಲಿಪಿಕಾರರು ಎರಡು ನಕಾರ ಬರೆಯುವ ಬದಲು ಒಂದನ್ನೇ ಬರೆದು ಮೇಲೊಂದು ಗೆರೆ ಎಳೆಯುತ್ತಿದ್ದರು, ಅದೇ ಕಾಲಾಂತರದಲ್ಲಿ ಸ್ವತಂತ್ರ ಅಕ್ಷರವಾಯಿತು. ಅದರ ಉಚ್ಚಾರ ನಮ್ಮ ಚವರ್ಗದ ಅನುನಾಸಿಕದ್ದು. ಚ ಛ ಜ ಝ ಞ ಎಂದು ಮಕ್ಕಳಿಂದ ಹೇಳಿಸುವಾಗಲೆಲ್ಲ ಕೊನೆಯ ಬೆಂಚಿನಿಂದ ಒಬ್ಬನಾದರೂ "ಟೀಚರ್, ಈ ಞ ಎಲ್ಲಿ ಬರುತ್ತದೆ?" ಎಂದು ಕೇಳುತ್ತಿದ್ದ. ಜ್ಞಾನದ ಒತ್ತಕ್ಷರವನ್ನು ತೋರಿಸಿ ಮುಂದೆ ಹೋಗುತ್ತಿದ್ದೆ. ಸ್ವರ ಹಿಡಿದು ತಾನೇ ತಾನಾಗಿ ನಿಂತ ಞೊ ನನಗೆ ಸಿಕ್ಕಿದ್ದು ಆ ರಾತ್ರಿ. ಆ ಹುಡುಗರೆಲ್ಲ ಒಮ್ಮೆಗೇ ನೆನಪಾದರು.

ಎರಡು ಅರ್ಥ ಎಂದು ಮಗಳು ಹೇಳಿದ್ದಳು. ಎಣಿಸಿ ನೋಡಿದರೆ ನಾಲ್ಕಿವೆ. ಮಲಗಿ ನಿದ್ರಿಸುವ ಕ್ರಿಯೆ ಒಂದು. ಇನ್ನೂ ಮಲಗಿಲ್ಲ, ಆದರೆ ಕಣ್ಣು ಎಳೆಯುತ್ತಿದೆ ಎನ್ನುವಾಗಿನ ಸ್ಥಿತಿ ಇನ್ನೊಂದು, ಮಗುವಿಗೆ ಬಂದಿದ್ದು ಅದೇ. ನಿದ್ದೆಯಲ್ಲಿ ಬೀಳುವ ಕನಸು ಮೂರನೆಯದು. ಎಚ್ಚರವಿದ್ದಾಗಲೇ ಕಟ್ಟಿಕೊಳ್ಳುವ ಕನಸು, ಎಂದರೆ ಬಯಕೆ, ನಾಲ್ಕನೆಯದು. ಕೊನೆಯ ಎರಡು ನಮ್ಮಲ್ಲಿಯೂ ಒಂದೇ ಪದದಲ್ಲಿ ಕೂಡಿವೆ, ಹಾಗಾಗಿ ಅದು ವಿಚಿತ್ರವೆನಿಸಲಿಲ್ಲ. ಎರಡನೆಯದಕ್ಕೆ ಮಾತ್ರ ನಮ್ಮಲ್ಲಿ ಎಷ್ಟು ಮಾತುಗಳು! ತೂಕಡಿಕೆ, ಜೊಂಪು, ಮಂಪರು. ನಿದ್ದೆಗಣ್ಣು ಎಂಬ ಪದವನ್ನು ಮಗಳಿಗೆ ನೆನಪಿಸಿದೆ. ಅವಳು ಅದನ್ನು ಕೇಳಿ ಬಹಳ ವರ್ಷಗಳಾಗಿದ್ದವು.

ಪಟ್ಟಿ ಮಾಡಿದೊಡನೆ ಪದ ತಿಳಿದಂತಾಗುವುದಿಲ್ಲ. ಅದು ತಿಳಿಯತೊಡಗಿದ್ದು ಮನೆಯ ಕೆಳಗಿನ ಬೆಂಚಿನ ಮೇಲೆ. ಸಂಜೆ ಬಿಸಿಲು ತಗ್ಗಿದ ಮೇಲೆ ಆ ಬೀದಿಯ ಹಿರಿಯರು ಬಂದು ಕೂರುತ್ತಿದ್ದರು. ಮೂರನೆಯ ಮಹಡಿಯ ಒಬ್ಬ ಹೆಂಗಸು, ನನಗಿಂತ ಹತ್ತು ವರ್ಷವಾದರೂ ಹಿರಿಯರು, ದಿನವೂ ನನಗಾಗಿ ಪಕ್ಕದಲ್ಲಿ ಜಾಗ ಹಿಡಿಯುತ್ತಿದ್ದರು. ನನ್ನ ಬಳಿ ಅರವತ್ತು ಎಪ್ಪತ್ತು ಸ್ಪ್ಯಾನಿಷ್ ಪದಗಳಿದ್ದವು, ಅವರ ಬಳಿ ತಾಳ್ಮೆಯಿತ್ತು. ನಡುವೆ ಮೊಮ್ಮಗಳು ದುಭಾಷಿ.

ಒಂದು ಸಂಜೆ, ಮಧ್ಯಾಹ್ನ ಮಲಗದೆ ಕಣ್ಣು ಕೂರುತ್ತಿದ್ದಾಗ, ಕಲಿತದ್ದನ್ನು ಬಳಸೋಣವೆಂದು "ತೆಂಗೊ ಉನ್ ಸ್ವೆಞೊ" ಎಂದೆ. ಅವರು ನನ್ನತ್ತ ಪೂರ್ತಿ ತಿರುಗಿ, ಕೈ ಹಿಡಿದು, "ಕೆ ಸ್ವೆಞೊ?" ಎಂದು ಕೇಳಿದರು. ಏನು ಕನಸು? ಮೊದಲ ರಾತ್ರಿ ನಾನು ಮಗುವಿಗೆ ಕೇಳಿದ್ದ ಪ್ರಶ್ನೆಯೇ ನನಗೆ ತಿರುಗಿ ಬಂದಿತ್ತು. ನಾನು ಸುಮ್ಮನೆ ಕಣ್ಣು ಮುಚ್ಚಿ ತೋರಿಸಿದೆ. ಅವರು ನಕ್ಕು, ಗಾಳಿಯಲ್ಲಿ ಕೈಯಾಡಿಸಿ ಆ "ಉನ್" ಅನ್ನು ಅಳಿಸಿಹಾಕಿ, "ತೆಂಗೊ ಸ್ವೆಞೊ" ಎಂದು ತಿದ್ದಿದರು.

"ಉನ್" ಎಂದರೆ ಒಂದು. ಎಣಿಸಬಹುದಾದದ್ದು ಕನಸು, ಎಣಿಸಲಾಗದ್ದು ನಿದ್ದೆ. ಒಂದು ಕನಸು, ಎರಡು ಕನಸು ಎನ್ನುತ್ತೇವೆ, ಬಂದ ನಿದ್ದೆಗೆ ಲೆಕ್ಕವಿಲ್ಲ. ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ "ನನಗೊಂದು ಕನಸಿದೆ" ಎಂದ ಮಾತನ್ನು ಸ್ಪ್ಯಾನಿಷ್‌ನಲ್ಲಿ "ತೆಂಗೊ ಉನ್ ಸ್ವೆಞೊ" ಎನ್ನುತ್ತಾರೆ. ಅದರಿಂದ ಆ ಒಂದು ಉಸಿರಿನ "ಉನ್" ಕಳಚಿದರೆ, ನನಗೆ ನಿದ್ದೆ ಬರುತ್ತಿದೆ ಎಂದಷ್ಟೇ ಉಳಿಯುತ್ತದೆ. ಇದನ್ನು ಅರಿತ ಮೇಲೆ ನಾನು ಪದವನ್ನು ದಿಟ್ಟಿಸುವುದನ್ನು ಬಿಟ್ಟು ಅದರ ಅಕ್ಕಪಕ್ಕ ನೋಡತೊಡಗಿದೆ. ಬಹುವಚನವಾದರೆ ಸಾಮಾನ್ಯವಾಗಿ ಕನಸು. "ಬಹಳ" ಎಂಬುದು ಏಕವಚನದ ಹಿಂದೆ ಬಂದರೆ ತೂಕಡಿಕೆ. ಹಗುರ, ಗಾಢ ಎಂಬ ವಿಶೇಷಣ ಬಂದರೆ ನಿದ್ದೆ. ನಾವು ಕೋಳಿನಿದ್ದೆ ಎನ್ನುವುದು ಅವರಿಗೆ ಹಗುರ ಸ್ವೆಞೊ.

ಕ್ರಿಯಾಪದಗಳಲ್ಲಿಯೂ ಗುರುತು ಸಿಗುತ್ತದೆ. ಸ್ವೆಞೊ ಒಳಗೆ ಬರುತ್ತಿದೆ ಎನ್ನುತ್ತಾರೆ, ಅದೂ "ನನಗೆ" ಎಂಬ ಚತುರ್ಥಿಯೊಡನೆ. ಹೆಚ್ಚು ಕಡಿಮೆ ನಮ್ಮ ವಾಕ್ಯವೇ. ಯಾವುದೋ ಚಿಂತೆ ಸ್ವೆಞೊವನ್ನು ಕಿತ್ತುಕೊಂಡಿತು ಎನ್ನುತ್ತಾರೆ, ಅದು ನಮ್ಮ ನಿದ್ದೆಗೆಡುವುದು. ಎಲ್ಲಕ್ಕಿಂತ ಚೆಲುವಾಗಿ ಕಂಡದ್ದು, ಹೊರಳಾಡಿ ಹೊರಳಾಡಿ ಕೊನೆಗೆ ನಿದ್ದೆ ಹತ್ತಿಸಿಕೊಳ್ಳುವುದಕ್ಕೆ ಅವರು ಬಳಸುವ ಕ್ರಿಯಾಪದ. ಮುನಿಸಿಕೊಂಡವರನ್ನು ಸಮಾಧಾನಪಡಿಸಿ ಒಲಿಸಿಕೊಳ್ಳುವುದಕ್ಕೂ ಅದೇ ಮಾತು. ನಿದ್ದೆ ಎಂಬುದು ಮುನಿದು ಕೂತ ನೆಂಟರಂತೆ! ಇನ್ನು "ಕನಸುಮನಸಿನಲ್ಲಿಯೂ ಇಲ್ಲ" ಎಂಬುದನ್ನು ಅವರೂ ಹಾಗೆಯೇ ಹೇಳುತ್ತಾರೆ. ಮೆಕ್ಸಿಕೊದಲ್ಲಿ ಕೈಗೆಟುಕದ ಆಸೆಯನ್ನು ಕ್ಯೂಬಾದ ಹಳ್ಳಿಗನ ಕನಸು ಎನ್ನುತ್ತಾರಂತೆ, ನಮ್ಮ ತಿರುಕನ ಕನಸಿನ ಹಾಗೆ.

ಈ ನಡುವೆ ಮೊಮ್ಮಗಳು ಒಂದು ಬೆಳಿಗ್ಗೆ ಹಾಸಿಗೆಯಿಂದೆದ್ದು ಓಡಿ ಬಂದು, "ಅಜ್ಜಿ, ನಾನು ನಿನ್ನ ಜೊತೆ ಕನಸು ಕಂಡೆ" ಎಂದಳು. ಈ ಸಲ ಪ್ರಶ್ನೆ ಕೇಳಲಿಲ್ಲ. "ಸೊಞೆ ಕೊನ್‌ತಿಗೊ" ಎಂಬ ಸ್ಪ್ಯಾನಿಷ್ ವಾಕ್ಯ ಅವಳ ಕನ್ನಡದ ಅಡಿಯಲ್ಲಿದೆಯೆಂದು ಅಷ್ಟರಲ್ಲಿ ಬಲ್ಲವಳಾಗಿದ್ದೆ. ನಮ್ಮಲ್ಲಿ ಜನ ಕನಸಿನಲ್ಲಿ ಬರುತ್ತಾರೆ, ಅವರಲ್ಲಿ ಜನರ ಜೊತೆಗೆ ಕನಸು ಕಾಣುತ್ತಾರೆ. "ನೀನು ನನ್ನ ಕನಸಿನಲ್ಲಿ ಬಂದಿದ್ದೆ" ಎಂದು ತಿದ್ದಬಹುದಿತ್ತು. ತಿದ್ದಲು ಮನಸ್ಸು ಬರಲಿಲ್ಲ.

ಜುಲೈ ಕೊನೆಯಲ್ಲಿ ಬೆಂಚಿನ ಗೆಳತಿ ತಮ್ಮ ಹಳ್ಳಿಗೆ ಹೊರಟರು. ಆಗಸ್ಟ್ ಬಂತೆಂದರೆ ಮ್ಯಾಡ್ರಿಡ್‌ನ ಎಷ್ಟೋ ಮನೆಗಳಿಗೆ ಬೀಗ. ಹೊರಡುವ ಹಿಂದಿನ ಸಂಜೆ ತೀರಿಕೊಂಡ ಗಂಡನ ಮಾತು ಬಂತು. ಮಗಳೂ ಅಂದು ಜೊತೆಗಿದ್ದಳು. ಅವರು ಹೇಳುತ್ತಿದ್ದ ಮಾತಿನಲ್ಲಿ ಒಂದು ವಾಕ್ಯ ನನಗೆ ನೇರವಾಗಿ ಕೇಳಿಸಿತು: ಅಂದಿನಿಂದ ಸ್ವೆಞೊ ಕಳೆದುಕೊಂಡೆ. ಕನಸನ್ನು ಕಳೆದುಕೊಂಡರು ಎಂದುಕೊಂಡೆ. ಮರುಕ್ಷಣವೇ ನಾನು ಕಲಿತಿದ್ದ ಗುರುತುಗಳು ನೆನಪಾದವು. ಏಕವಚನ, ಕಳೆದುಕೊಳ್ಳುವುದು, ಹಾಗಾದರೆ ನಿದ್ದೆ. ಖಚಿತಪಡಿಸಿಕೊಳ್ಳಲು ಕೆನ್ನೆಗೆ ಕೈಯಾನಿಸಿ ಮಲಗುವಂತೆ ತೋರಿಸಿ "ಇದೇ?" ಎಂದೆ. ಹೌದೆಂದು ತಲೆಯಾಡಿಸಿದರು. ಸ್ವಲ್ಪ ಹೊತ್ತು ಬೀದಿಯತ್ತ ನೋಡಿ, ಇನ್ನೊಂದು ಮಾತು ಸೇರಿಸಿದರು. ಮಗಳು ಅದನ್ನು ಮೆಲ್ಲಗೆ ಕನ್ನಡಿಸಿದಳು: "ಅದನ್ನೂ ಕಳೆದುಕೊಂಡೆ, ನೀನು ಮೊದಲು ಅಂದುಕೊಂಡದ್ದನ್ನೂ." ನಾನು ಮೊದಲು ಏನು ಅಂದುಕೊಂಡೆನೆಂದು ಬಾಯಿಬಿಟ್ಟು ಹೇಳಿರಲೇ ಇಲ್ಲ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಅದರ ಇನ್ನೊಂದು ಮಗ್ಗುಲು ಆ ಬೆಂಚಿನ ಮೇಲೆ ಕೂತಿತ್ತು.

ಆಗಸ್ಟ್‌ನಲ್ಲಿ ಬೀದಿ ಖಾಲಿ, ಬಿಸಿಲು ಕಡು. ಮನೆಯೊಳಗೆ ಕೂತು ನಿಘಂಟು ಹಿಡಿದೆ. 1713ರಲ್ಲಿ ಸ್ಥಾಪನೆಯಾದ ಸ್ಪ್ಯಾನಿಷ್ ರಾಯಲ್ ಅಕಾಡೆಮಿಯ ನಿಘಂಟು ಈಗ ಮೊಬೈಲ್‌ನಲ್ಲೇ ಸಿಗುತ್ತದೆ. ಮಗಳು ಓದಿದಂತೆ ನಾನು ಬರೆದುಕೊಂಡೆ. ಅಲ್ಲಿಗೆ ಗುಟ್ಟು ಬಿಚ್ಚಿತು. ಲ್ಯಾಟಿನ್‌ನಲ್ಲಿ ಇವು ಎರಡು ಪದಗಳಾಗಿದ್ದವು. ನಿದ್ದೆಗೆ ಸೊಮ್ನುಸ್, ಕನಸಿಗೆ ಸೊಮ್ನಿಯುಮ್. ಲ್ಯಾಟಿನ್ ಸವೆದು ಸ್ಪ್ಯಾನಿಷ್ ಆಗುವಾಗ ನಡುವಿನ ಮಕಾರ ನಕಾರಗಳ ಒತ್ತು ಕರಗಿ ಞಕಾರವಾಯಿತು, ಬಾಲಗಳು ಉದುರಿದವು, ಎರಡೂ ಒಂದೇ ರೂಪಕ್ಕೆ ಬಂದು ನಿಂತವು. ಶರತ್ಕಾಲಕ್ಕೆ ಲ್ಯಾಟಿನ್‌ನಲ್ಲಿ ಔತುಮ್ನುಸ್, ಸ್ಪ್ಯಾನಿಷ್‌ನಲ್ಲಿ ಒತೋಞೊ. ಅದೇ ಹಾದಿ. ಸೋದರ ಭಾಷೆಗಳು ಮಾತ್ರ ಈ ಎರಡನ್ನು ಬೆರೆಸಲಿಲ್ಲ. ಇಟಲಿಯವರಿಗೆ ನಿದ್ದೆ ಸೊನ್ನೊ, ಕನಸು ಸೊಞೊ. ಪೋರ್ಚುಗೀಸರಿಗೆ ಸೋನು ಮತ್ತು ಸೋಞು. ಬಾರ್ಸಿಲೋನಾದ ಕ್ಯಾಟಲಾನ್ ಭಾಷೆಯಂತೂ ನಿದ್ದೆಗೇ ಎರಡು ಲಿಂಗ ಕೊಟ್ಟಿದೆ. "ಸೊನ್" ಎಂಬುದು ಪುಲ್ಲಿಂಗದಲ್ಲಿ ಬಂದರೆ ನಿದ್ರಿಸುವುದು, ಸ್ತ್ರೀಲಿಂಗದಲ್ಲಿ ಬಂದರೆ ಕಣ್ಣೆಳೆತ.

ಹೀಗೆ ಎರಡು ನದಿ ಸೇರಿ ಒಂದಾಗುವುದು ನಮ್ಮಲ್ಲಿಯೂ ನಡೆದಿದೆ. ತರಗತಿಯಲ್ಲಿ ನಾನು ಯಾವಾಗಲೂ ಕೊಡುತ್ತಿದ್ದ ಉದಾಹರಣೆ "ಕರೆ". ಹಸುವನ್ನು ಕರೆದಳು ಎಂದರೆ ಕೂಗಿದಳೋ, ಹಾಲು ಹಿಂಡಿದಳೋ? ಹಳಗನ್ನಡದವರಿಗೆ ಈ ಗೊಂದಲವಿರಲಿಲ್ಲ. ಹಾಲು ಕಱೆಯುವುದರಲ್ಲಿದ್ದದ್ದು ಶಕಟರೇಫ, ಅಂದರೆ ಹಳೆಯ ಱಕಾರ, ಕೂಗಿ ಕರೆಯುವುದರಲ್ಲಿದ್ದದ್ದು ಸಾಮಾನ್ಯ ರೇಫ. ಶಕಟರೇಫ ಮಾತಿನಿಂದಲೂ ಬರಹದಿಂದಲೂ ಮರೆಯಾಯಿತು, ಎರಡು ಮಾತು ಒಂದಾದವು. ಮಗಳಿಗೆ ಇದನ್ನು ವಿವರಿಸುತ್ತಿದ್ದಾಗ, ನಾನೇಕೆ ಮೊದಲ ರಾತ್ರಿ ಅಷ್ಟು ಬೆರಗಾದೆ ಎಂದು ನನಗೇ ಅನ್ನಿಸಿತು. ಕರೆಯುವುದರಲ್ಲಿ ಯಾವ ಹಳ್ಳಿಯ ಹೆಂಗಸಿಗೂ ಎಂದೂ ತೊಡಕಾಗಿಲ್ಲ. ಕೈಯಲ್ಲಿ ಚೊಂಬಿದ್ದರೆ ಸಾಕು, ಅರ್ಥ ತಿಳಿಯುತ್ತದೆ.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರೆ ಸೊಮ್ನುಸ್‌ಗೂ ನಮ್ಮ ಸ್ವಪ್ನಕ್ಕೂ ಒಂದೇ ಬೇರು. ಸಂಸ್ಕೃತದ "ಸ್ವಪ್" ಧಾತುವಿಗೆ ಮಲಗು, ನಿದ್ರಿಸು ಎಂದರ್ಥ. ಸಂಸ್ಕೃತದಲ್ಲಿ ಸ್ವಪ್ನವೆಂದರೆ ನಿದ್ದೆಯೂ ಹೌದು, ಕನಸೂ ಹೌದು! ಕನ್ನಡಕ್ಕೆ ಬರುವಾಗ ಅದು ಕನಸಿನ ಅರ್ಥವನ್ನಷ್ಟೇ ಹೊತ್ತು ತಂದಿತು. ನಿದ್ದೆಯ ಪಾಲು ಅದೇ ಧಾತುವಿನ ಸುಷುಪ್ತಿಗೆ ಹೋಯಿತು. ಮಾಂಡೂಕ್ಯ ಉಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ, ಅವುಗಳಾಚೆಯ ತುರೀಯ ಎಂದು ನಾಲ್ಕು ಅವಸ್ಥೆ ಹೇಳುತ್ತದೆ. ಅದರಲ್ಲಿ ನಡುವಿನ ಎರಡು ಒಂದೇ ಧಾತುವಿನ ಮಕ್ಕಳು. ಮಡಿಸಿಟ್ಟ ಹಳೆಯ ಸೀರೆಯ ಅಂಚು ದೂರದ ಊರಿನ ಪೆಟ್ಟಿಗೆಯಲ್ಲಿ ಕಂಡಂತಾಯಿತು ನನಗೆ.

ಇಷ್ಟಾದ ಮೇಲೆ, ಪದ ನನ್ನದಾಯಿತು ಎಂದುಕೊಂಡಿದ್ದಾಗ, ಗೋಯ ಎದುರಾದ.

ಮಗಳ ಕಪಾಟಿನಲ್ಲಿ ಸ್ಪೇನಿನ ಚಿತ್ರಕಾರ ಫ್ರಾನ್ಸಿಸ್ಕೊ ಗೋಯನ ಚಿತ್ರಗಳ ದಪ್ಪ ಪುಸ್ತಕವಿತ್ತು. ಅವನು ಎಂಬತ್ತು ಲೋಹಮುದ್ರಣ ಚಿತ್ರಗಳ ಒಂದು ಮಾಲೆಯನ್ನು 1799ರಲ್ಲಿ ಪ್ರಕಟಿಸಿದ. ಆ ವೇಳೆಗೆ ಕಾಯಿಲೆಯಿಂದ ಅವನ ಕಿವಿ ಕೇಳದಂತಾಗಿ ಕೆಲವು ವರ್ಷಗಳಾಗಿದ್ದವು. ನಲವತ್ತಮೂರನೆಯ ಚಿತ್ರದಲ್ಲಿ ಒಬ್ಬ ಮನುಷ್ಯ ಮೇಜಿನ ಮೇಲೆ ತೋಳು ಚಾಚಿ ಅದರಲ್ಲಿ ಮುಖ ಹುದುಗಿಸಿದ್ದಾನೆ. ಹಿಂದಿನ ಕತ್ತಲಿನಿಂದ ಗೂಬೆಗಳು, ಬಾವಲಿಗಳು ಎರಗಿ ಬರುತ್ತಿವೆ. ಒಂದು ಗೂಬೆ ಅವನಿಗೇ ಬರೆಯುವ ಸಾಧನವನ್ನು ನೀಡುತ್ತಿದೆ. ನೆಲದ ಮೇಲೆ ದೊಡ್ಡ ಕಾಡುಬೆಕ್ಕಿನಂತಹ ಲಿಂಕ್ಸ್ ಪ್ರಾಣಿ ಕಣ್ಣರಳಿಸಿ ಕೂತಿದೆ. ಅಲ್ಲಿ ಪೂರ್ತಿ ಎಚ್ಚರವಾಗಿ ಕಾವಲಿರುವಂತೆ ಕಾಣುವುದು ಅದೊಂದೇ. ಮೇಜಿನ ಬದಿಯಲ್ಲಿ ಬರಹ: "ಎಲ್ ಸ್ವೆಞೊ ದೆ ಲಾ ರಾಥೋನ್ ಪ್ರೊದೂಥೆ ಮೋನ್ಸ್ತ್ರುಓಸ್."

ರಾಥೋನ್ ಎಂದರೆ ವಿವೇಕ, ವಿಚಾರಶಕ್ತಿ. ವಿವೇಕದ ಸ್ವೆಞೊ ವಿಕಾರಜೀವಿಗಳನ್ನು ಹುಟ್ಟಿಸುತ್ತದೆ. ಯಾವ ಸ್ವೆಞೊ? ನನ್ನ ಗುರುತುಗಳನ್ನೆಲ್ಲ ಒಂದೊಂದಾಗಿ ಪ್ರಯೋಗಿಸಿದೆ. ಏಕವಚನ, ಹಾಗಾದರೆ ನಿದ್ದೆ ಎನ್ನಬೇಕು. ಆದರೆ ಹಿಂದೆ "ಎಲ್" ಎಂಬ ನಿರ್ದೇಶಕವಿದೆ, ಅದು ಎರಡಕ್ಕೂ ಸಲ್ಲುತ್ತದೆ. ಕ್ರಿಯಾಪದ ಹುಟ್ಟಿಸುವುದು, ಅದೂ ಎರಡಕ್ಕೂ ಒಗ್ಗುತ್ತದೆ. ಚೊಂಬನ್ನು ಯಾರೋ ಬೇಕೆಂದೇ ಬಚ್ಚಿಟ್ಟಿದ್ದರು.

ನಿದ್ದೆ ಎಂದು ಹಿಡಿದರೆ ಮಾತು ಸರಳ: ವಿವೇಕ ಮಲಗಿದಾಗ ಮೂಢನಂಬಿಕೆ, ಕ್ರೌರ್ಯ ಎದ್ದು ಬರುತ್ತವೆ. ಕನಸು ಎಂದು ಹಿಡಿದರೆ ಬೆನ್ನು ತಣ್ಣಗಾಗುತ್ತದೆ: ವಿವೇಕವೇ ಕನಸು ಕಾಣುತ್ತದೆ, ಆ ಕನಸಿನಿಂದಲೇ ಪಿಶಾಚಿಗಳು ಹುಟ್ಟುತ್ತವೆ. ಫ್ರಾನ್ಸಿನ ಕ್ರಾಂತಿ ನಡೆದು ಹತ್ತು ವರ್ಷವೂ ಕಳೆದಿರದ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಗೋಯ ಏನು ಹೇಳಿದ? ಪ್ರಾದೊ ಸಂಗ್ರಹಾಲಯದಲ್ಲಿ ಇದೇ ಚಿತ್ರದ 1797ರ ಕರಡು ರೇಖಾಚಿತ್ರವಿದೆ. ಅವನು ಇಡೀ ಮಾಲೆಗೆ ಮೊದಲು "ಸ್ವೆಞೊಗಳು" ಎಂದೇ ಹೆಸರಿಡಲು ಹೊರಟಿದ್ದ, ಕರಡಿನ ಕೆಳಗೆ "ಕನಸು ಕಾಣುತ್ತಿರುವ ಕರ್ತೃ" ಎಂದು ಬರೆದಿದ್ದಾನೆ. ಆಮೇಲೆ ಇದೇ ಸಂಗ್ರಹಾಲಯದಲ್ಲಿರುವ ಹಳೆಯ ಟಿಪ್ಪಣಿಯೊಂದು ಬೇರೆ ದಿಕ್ಕು ತೋರಿಸುತ್ತದೆ. ವಿವೇಕ ಕೈಬಿಟ್ಟ ಕಲ್ಪನೆ ಅಸಾಧ್ಯವಾದ ವಿಕಾರಗಳನ್ನು ಹುಟ್ಟಿಸುತ್ತದೆ, ವಿವೇಕದೊಡನೆ ಕೂಡಿದ ಕಲ್ಪನೆ ಕಲೆಗಳ ತಾಯಿ ಎಂಬುದು ಅದರ ತಾತ್ಪರ್ಯ. ಒಂದು ಕನಸಿನ ಕಡೆ, ಇನ್ನೊಂದು ನಿದ್ದೆಯ ಕಡೆ. ನನ್ನ ಮಟ್ಟಿಗೆ ಹೇಳುವುದಾದರೆ, ಅವನಿಗೆ ಎರಡೂ ಬೇಕಿತ್ತು. ಅವನ ಭಾಷೆ ಆಯ್ಕೆ ಮಾಡು ಎಂದು ಅವನನ್ನು ಕಾಡಲಿಲ್ಲ.

ಆ ಮಾಲೆ ಮಾರಾಟಕ್ಕಿದ್ದದ್ದು ಕಾಯೆ ದೆಲ್ ದೆಸೆಂಗಾಞೊ ಎಂಬ ಬೀದಿಯ ಒಂದನೆಯ ನಂಬರಿನಲ್ಲಿ, ಅತ್ತರು ಮತ್ತು ಮದ್ಯ ಮಾರುವ ಅಂಗಡಿಯಲ್ಲಿ. ಎಂಬತ್ತು ಚಿತ್ರಗಳಿಗೆ 320 ರಿಯಾಲ್ ಎಂದು 1799ರ ಫೆಬ್ರವರಿ 6ರ ಪತ್ರಿಕೆಯಲ್ಲಿ ಜಾಹೀರಾತು ಬಂದಿತ್ತು. ಒಂದು ಬೆಳಿಗ್ಗೆ ಮಗಳೊಡನೆ ಆ ಬೀದಿಗೆ ಹೋಗಿ ಬಂದೆ. ಗ್ರಾನ್ ವಿಯಾ ಎಂಬ ದೊಡ್ಡ ರಸ್ತೆಯ ಹಿಂದಿನ ಇಕ್ಕಟ್ಟಾದ ಬೀದಿ, ಅತ್ತರಿನಂಗಡಿಯಿಲ್ಲ. ಬೀದಿಯ ಹೆಸರಿನ ಅರ್ಥ ಕೇಳಿದೆ. ಭ್ರಮೆ ಹರಿಯುವುದು ಎಂದು ಮಗಳು ಹೇಳಿದಳು. ಅಲ್ಲಿಯೂ ಒಂದು ಞೊ.

ಕನ್ನಡದಲ್ಲಿ ಆ ಸಾಲನ್ನು ಬರೆದಿಡದೆ ಊರಿಗೆ ಹೋಗಬಾರದೆಂದು ಹಟ ಹುಟ್ಟಿತು. "ವಿವೇಕದ ನಿದ್ದೆ" ಎಂದು ಬರೆದರೆ ಕನಸು ಹೊರಗುಳಿಯುತ್ತದೆ. "ವಿವೇಕದ ಕನಸು" ಎಂದರೆ ಮಲಗಿದವನೇ ಕಾಣೆಯಾಗುತ್ತಾನೆ. "ಸ್ವಪ್ನ" ಎಂದು ಬರೆದು ಸಂಸ್ಕೃತದ ಹಳೆಯ ಅರ್ಥವನ್ನು ನೆಚ್ಚೋಣವೆಂದರೆ ಕನ್ನಡ ಓದುಗರಿಗೆ ಅದರಲ್ಲಿ ನಿದ್ದೆ ಕೇಳಿಸುವುದಿಲ್ಲ. "ವಿವೇಕ ಮಲಗಿ ಕಂಡದ್ದೆಲ್ಲ ವಿಕಾರ" ಎಂದು ಒಂದು ದಿನ ಬರೆದೆ. ಮಲಗುವುದೂ ಕಾಣುವುದೂ ಎರಡೂ ಅದರಲ್ಲಿದ್ದವು, ಆದರೆ ಹುಟ್ಟಿಸುವುದು ಬಿಟ್ಟುಹೋಗಿತ್ತು. ಹುಟ್ಟದೆ ಬರೀ ಕಂಡ ಪಿಶಾಚಿ ಬೆಳಗಾದರೆ ಹೋಗುತ್ತದೆ, ಗೋಯ ಬರೆದದ್ದು ಅಂಥ ಪಿಶಾಚಿಯನ್ನಲ್ಲ. ಹೊಡೆದುಹಾಕಿದೆ. ನೋಟ್‌ಬುಕ್ಕಿನ ಎರಡು ಪುಟ ಹೀಗೆ ತುಂಬಿದವು.

ಹೊರಡಲು ಮೂರು ದಿನವಿತ್ತು. ರಾತ್ರಿ ಊಟವಾದ ಮೇಲೆ ಪುಸ್ತಕ ತೆರೆದು ಕೂತಿದ್ದೆ. ಮೊಮ್ಮಗಳು ಬಂದು ಪಕ್ಕಕ್ಕೆ ಒರಗಿ ಚಿತ್ರ ನೋಡಿದಳು. ಬಾವಲಿಗಳನ್ನು ಕಂಡು ಹೆದರಿಯಾಳೆಂದು ಪುಟ ತಿರುವಲು ಹೋದೆ. ಅವಳು ನನ್ನ ಕೈ ತಡೆದು, ಮೇಜಿನ ಮೇಲೆ ತಲೆಯಿಟ್ಟವನ ಬೆನ್ನನ್ನು ಪುಟ್ಟ ಬೆರಳಿನಿಂದ ಸವರಿದಳು.

"ಪಾಪ. ಅವನಿಗೆ ಕನಸು ಇದೆ, ಅಜ್ಜಿ" ಎಂದಳು.

ಪೆನ್ನು ತೆಗೆದುಕೊಂಡು ಅದನ್ನು ಹಾಗೆಯೇ ಬರೆದುಕೊಂಡೆ.